ರಿಕಾರ್ಡೊನ ಮೇಲೆ ಪಿಎಚ್.ಡಿ: ಸಿನಾಪ್ಸಿಸ್‌ನಿಂದ ವೈವಾದವರೆಗೆ

ಹೋದ ತಿಂಗಳು ವೈವಾ ಮುಗಿಯಿತು. ಮೊನ್ನೆ ಪದವಿ ಘೋಷಣೆಯ ನೋಟಿಫಿಕೇಷನ್ ಕೂಡ ಕೈಗೆ ಬಂತು. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ ಅಂದರೆ ನಮ್ಮ ಕಡೆ ಸ್ವಸಹಾಯ ಸಂಘ, ಬೆಳೆ ವಿಮೆ, ಹೈನುಗಾರಿಕೆ, ಹೀಗೆ ಹಳ್ಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ವಿಷಯಗಳೇ ಜಾಸ್ತಿ. ನಾನು ಹಿಡಿದದ್ದು ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊನನ್ನು. ಯಂತ್ರಗಳು ಬಂದರೆ ಕೂಲಿಕಾರರ ಗತಿ ಏನು ಅನ್ನುವ ವಿಷಯದಲ್ಲಿ ಅವನು 1821ರಲ್ಲಿ ಮನಸ್ಸು ಬದಲಾಯಿಸಿದ. ಅದು ಹೇಗಾಯಿತು, ಆಮೇಲಿನ ಅರ್ಥಶಾಸ್ತ್ರಜ್ಞರು ಅದನ್ನು ಹೇಗೆಲ್ಲ ಓದಿದರು ಅನ್ನುವುದು ನನ್ನ ಥೀಸಿಸ್. ಇಂಥ ವಿಷಯ ತೆಗೆದುಕೊಂಡವರು ಸುತ್ತಮುತ್ತ ಯಾರೂ ಸಿಗಲಿಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಆರ್ಥಿಕ ಚಿಂತನೆಯ ಇತಿಹಾಸದಲ್ಲಿ ಕೆಲಸ ಮಾಡಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿ.ಎ. ಮಕ್ಕಳಿಗೆ ಚಿಂತನೆಯ ಇತಿಹಾಸ ಪಾಠ ಮಾಡುವಾಗಲೇ ಒಂದು ಕಸಿವಿಸಿ ಇತ್ತು. ಸ್ಮಿತ್ ಅಂದರೆ ಅದೃಶ್ಯ ಹಸ್ತ, ರಿಕಾರ್ಡೊ ಅಂದರೆ ಗೇಣಿ, ಮಾಲ್ಥಸ್ ಅಂದರೆ ಜನಸಂಖ್ಯೆ. ಒಬ್ಬೊಬ್ಬರಿಗೆ ಒಂದೊಂದು ಪುಟದ ನೋಟ್ಸ್. ಆದರೆ 1776ರ 'ವೆಲ್ತ್ ಆಫ್ ನೇಷನ್ಸ್' ಅನ್ನುವ ಅಷ್ಟು ದಪ್ಪ ಪುಸ್ತಕದಲ್ಲಿ ಸ್ಮಿತ್ ಆ 'ಅದೃಶ್ಯ ಹಸ್ತ' ಅನ್ನುವ ಮಾತನ್ನು ಬಳಸಿದ್ದು ಒಂದೇ ಒಂದು ಸಲ. ಇದು ಗೊತ್ತಾದಾಗ, ಉಳಿದದ್ದನ್ನೂ ಮೂಲದಲ್ಲೇ ಓದಬೇಕು ಅನ್ನಿಸಿತು. ಗೈಡ್ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಬೇಡ ಅನ್ನಲಿಲ್ಲ. "ನೋಡಮ್ಮಾ, ವಿಷಯ ಚೆನ್ನಾಗಿದೆ. ಆದರೆ ಕಮಿಟಿಯಲ್ಲಿ ನಿನ್ನ ಮೆಥಡಾಲಜಿ ಏನು ಅಂತ ಕೇಳೇ ಕೇಳ್ತಾರೆ. ಅದಕ್ಕೆ ಮೊದಲು ಉತ್ತರ ರೆಡಿ ಮಾಡ್ಕೋ" ಅಂದರು.

ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆಯ ಫಾರಂ ಕೈಗೆ ಬಂದಾಗಲೇ ಆ ಮಾತಿನ ತೂಕ ಗೊತ್ತಾಯಿತು. ಹೈಪಾಥಿಸಿಸ್, ಅಧ್ಯಯನದ ಪ್ರದೇಶ, ಸ್ಯಾಂಪಲ್ ಸೈಜ್, ಬಳಸುವ ಸಂಖ್ಯಾಶಾಸ್ತ್ರದ ಸಾಧನಗಳು. ನನ್ನ ವಿಷಯಕ್ಕೆ ಇವುಗಳಲ್ಲಿ ಯಾವುದೂ ಹೊಂದುವುದಿಲ್ಲ. ಖಾಲಿ ಬಿಟ್ಟರೆ ಫೈಲು ವಾಪಸ್ ಬರುತ್ತದೆ ಅಂತ ಆಫೀಸಿನವರು ಮೊದಲೇ ಹೇಳಿದ್ದರು. ಕೊನೆಗೆ ಸ್ಯಾಂಪಲ್ ಸೈಜ್ ಮುಂದೆ "ಅನ್ವಯಿಸುವುದಿಲ್ಲ, ಪಠ್ಯಾಧಾರಿತ ಅಧ್ಯಯನ" ಅಂತ ಬರೆದು, ಕೆಳಗೆ ಓದಲಿರುವ ಮೂಲ ಪಠ್ಯಗಳ ಪಟ್ಟಿ ಕೊಟ್ಟೆ. ರಿಕಾರ್ಡೊನ ಮುಖ್ಯ ಗ್ರಂಥದ ಮೂರು ಆವೃತ್ತಿಗಳು, ಮಾಲ್ಥಸ್ ಪುಸ್ತಕದ ಮೇಲೆ ಅವನು ಬರೆದ ಟಿಪ್ಪಣಿಗಳು, 1819ರಿಂದ 1823ರವರೆಗಿನ ಪತ್ರಗಳು, ಪಾರ್ಲಿಮೆಂಟಿನ ಭಾಷಣಗಳು. ಪ್ರತಿಯೊಂದರ ಮುಂದೆ ಅದನ್ನು ಯಾಕೆ ಓದಬೇಕು ಅಂತ ಒಂದೊಂದು ಸಾಲು. ಈ ಪಟ್ಟಿ ಇದ್ದದ್ದರಿಂದಲೇ ಫಾರಂ ಪಾಸಾಯಿತು. ನೀವೂ ಇದನ್ನೇ ಮಾಡಿ. ಆ ಕಾಲಂ ತುಂಬಬೇಕಲ್ಲ ಅಂತ ಇಲ್ಲದ ಹೈಪಾಥಿಸಿಸ್ ಹುಟ್ಟಿಸಬೇಡಿ. ಮುಂದೆ ಪ್ರತಿ ಆರು ತಿಂಗಳಿಗೊಮ್ಮೆ ಕಮಿಟಿ ಮುಂದೆ ನಿಂತು ಅದಕ್ಕೇ ಉತ್ತರ ಹೇಳಬೇಕಾಗುತ್ತದೆ.

ಕೋರ್ಸ್‌ವರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಜಿಸಿ ನಿಯಮದ ಪ್ರಕಾರ ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಕೋರ್ಸ್ ಕಡ್ಡಾಯ. ಸಂಶೋಧನಾ ವಿಧಾನದ ಪೇಪರ್ ಪೂರ್ತಿ ಪ್ರಶ್ನಾವಳಿ, ಸ್ಯಾಂಪ್ಲಿಂಗ್, ರಿಗ್ರೆಷನ್. ಪಾಸಾಗುವಷ್ಟು ಓದಿ ಮುಗಿಸಿದೆ. ನನ್ನ ವಿಷಯಕ್ಕೆ ಬೇಕಾದ ವಿಧಾನವನ್ನು ಸ್ವಂತವಾಗಿಯೇ ಓದಬೇಕಾಯಿತು.

ಅದರಲ್ಲಿ ಮೂರು ಲೇಖನಗಳು ನನಗೆ ದಾರಿ ತೋರಿಸಿದವು. ಒಂದು, ಕ್ವೆಂಟಿನ್ ಸ್ಕಿನ್ನರ್ ಅವರು 1969ರಲ್ಲಿ ಬರೆದದ್ದು. ಒಬ್ಬ ಲೇಖಕ ಬರೆಯುವಾಗ ಏನು ಮಾಡುತ್ತಿದ್ದ, ಯಾರಿಗೆ ಉತ್ತರ ಕೊಡುತ್ತಿದ್ದ ಅನ್ನುವುದನ್ನು ತಿಳಿಯದೆ ಅವನ ಮಾತಿನ ಅರ್ಥ ಹಿಡಿಯಲಾಗದು ಅನ್ನುವುದು ಅವರ ವಾದ. ಎರಡು, ರಿಚರ್ಡ್ ರಾರ್ಟಿ ಅವರು 1984ರಲ್ಲಿ ತತ್ವಶಾಸ್ತ್ರದ ಚರಿತ್ರೆ ಬರೆಯುವ ಬಗೆಗಳನ್ನು ಬಿಡಿಸಿ ಇಟ್ಟದ್ದು. ಮೂರು, ಅದನ್ನೇ ಅರ್ಥಶಾಸ್ತ್ರಕ್ಕೆ ತಂದು ಮಾರ್ಕ್ ಬ್ಲಾಗ್ ಅವರು 1990ರಲ್ಲಿ ಬರೆದದ್ದು. ಸರಳವಾಗಿ ಹೇಳಬೇಕೆಂದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ರಿಕಾರ್ಡೊ ತನ್ನ ಕಾಲದವರಿಗೆ ಏನು ಹೇಳುತ್ತಿದ್ದ, ಅವರಿಗೆ ಅದು ಹೇಗೆ ಅರ್ಥವಾಯಿತು ಅಂತ ಕೇಳುವುದು ಚಾರಿತ್ರಿಕ ಮರುರಚನೆ. ಅವನ ವಾದವನ್ನು ಇವತ್ತಿನ ಸಮೀಕರಣಗಳಿಗೆ ಇಳಿಸಿ, ಅದು ನಿಲ್ಲುತ್ತದಾ ಬೀಳುತ್ತದಾ ಅಂತ ನೋಡುವುದು ತಾರ್ಕಿಕ ಮರುರಚನೆ. ಎರಡೂ ಬೇಕು. ಆದರೆ ಮೊದಲನೆಯ ಪ್ರಶ್ನೆ ಕೇಳಿ ಎರಡನೆಯದಕ್ಕೆ ಉತ್ತರ ಕೊಡುವವರು ತುಂಬಾ ಜನ ಇದ್ದಾರೆ. ರಿಕಾರ್ಡೊನ ಬಗ್ಗೆ ಇರುವ ಜಗಳಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿದವು ಅಂತ ನನಗೆ ಈಗ ಖಚಿತವಾಗಿ ಅನ್ನಿಸುತ್ತದೆ.

ಇನ್ನು ಮೂಲ ಪಠ್ಯಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಿಕಾರ್ಡೊನ ಮುಖ್ಯ ಗ್ರಂಥ 'ಪ್ರಿನ್ಸಿಪಲ್ಸ್ ಆಫ್ ಪೊಲಿಟಿಕಲ್ ಎಕಾನಮಿ' ಮೊದಲು ಬಂದದ್ದು 1817ರಲ್ಲಿ. ಎರಡನೇ ಆವೃತ್ತಿ 1819, ಮೂರನೆಯದು 1821. ಮೌಲ್ಯದ ಬಗ್ಗೆ ಇರುವ ಮೊದಲ ಅಧ್ಯಾಯವನ್ನು ಅವನು ಮತ್ತೆ ಮತ್ತೆ ತಿದ್ದಿ ಬರೆದ. ಯಂತ್ರಗಳ ಬಗೆಗಿನ 31ನೇ ಅಧ್ಯಾಯ ಮೊದಲೆರಡು ಆವೃತ್ತಿಗಳಲ್ಲಿ ಇಲ್ಲವೇ ಇಲ್ಲ. ಅದು ಬಂದದ್ದು 1821ರಲ್ಲಿ. ಆದರೂ ಎಷ್ಟೋ ಲೇಖನಗಳಲ್ಲಿ ಯಂತ್ರದ ಅಧ್ಯಾಯದ ಸಾಲು ಎತ್ತಿಕೊಂಡು ಪಕ್ಕದಲ್ಲಿ "ರಿಕಾರ್ಡೊ 1817" ಅಂತ ಹಾಕಿರುತ್ತಾರೆ. ಅಂಗಡಿಯಲ್ಲಿ ಸಿಗುವ ಅಗ್ಗದ ಮರುಮುದ್ರಣಗಳಲ್ಲಿ ಯಾವ ಆವೃತ್ತಿ ಅಂತ ನಮೂದೇ ಇರುವುದಿಲ್ಲ. ಮನಸ್ಸು ಬದಲಾಯಿಸಿದ ಕಥೆ ಹೇಳಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ನಾಲ್ಕು ವರ್ಷದ ಅಂತರ ಮಾಯವಾದರೆ ಕಥೆಯೇ ಮಾಯ.

ಹಾಗಾಗಿ ಪಿಯೆರೊ ಸ್ರಾಫಾ ಅವರು ಮಾರಿಸ್ ಡಾಬ್ ಅವರ ಸಹಾಯದಿಂದ ಸಂಪಾದಿಸಿದ ರಿಕಾರ್ಡೊನ ಸಮಗ್ರ ಬರಹಗಳ 11 ಸಂಪುಟಗಳನ್ನು ಬಿಟ್ಟು ಬೇರೆ ಮುಟ್ಟಬೇಡಿ. 1930ರಲ್ಲಿ ಅವರಿಗೆ ಈ ಕೆಲಸ ವಹಿಸಿದ್ದು. ಮೊದಲ ಸಂಪುಟಗಳು ಹೊರಬಂದದ್ದು 1951ರಲ್ಲಿ, ಕೊನೆಯ ಸೂಚಿ ಸಂಪುಟ 1973ರಲ್ಲಿ. ಇಷ್ಟು ತಡವಾಗಲು ಒಂದು ಕಾರಣ, ಮುದ್ರಣ ನಡೆಯುತ್ತಿದ್ದಾಗಲೇ 1943ರಲ್ಲಿ ಐರ್ಲೆಂಡಿನ ಒಂದು ಮನೆಯಲ್ಲಿ, ಬೀಗ ಹಾಕಿದ್ದ ಪೆಟ್ಟಿಗೆಯೊಳಗೆ, ರಿಕಾರ್ಡೊ ತನ್ನ ಗೆಳೆಯ ಜೇಮ್ಸ್ ಮಿಲ್‌ಗೆ ಬರೆದ ಪತ್ರಗಳು ಸಿಕ್ಕಿದ್ದು. ಮೊದಲ ಸಂಪುಟದಲ್ಲಿ ಮೂರನೇ ಆವೃತ್ತಿಯ ಪಠ್ಯ ಇದೆ, ಹಿಂದಿನ ಎರಡರಲ್ಲಿ ಏನಿತ್ತು ಅನ್ನುವುದು ಟಿಪ್ಪಣಿಗಳಲ್ಲಿ ಇದೆ. ನಮ್ಮ ಲೈಬ್ರರಿಯಲ್ಲಿ ಇದ್ದದ್ದು ಬಿಡಿ ಸಂಪುಟಗಳು ಮಾತ್ರ. ಪೂರ್ತಿ ಸೆಟ್ ಲಿಬರ್ಟಿ ಫಂಡ್‌ನವರ ಆನ್‌ಲೈನ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತದೆ. ಕೇಂಬ್ರಿಡ್ಜ್‌ಗೆ ಹೋಗದೆ ಇಂಥ ಪಿಎಚ್.ಡಿ ಆಗುವುದಿಲ್ಲ ಅಂತ ನನ್ನನ್ನು ಹೆದರಿಸಿದವರಿದ್ದಾರೆ. ನನ್ನ ಪ್ರಶ್ನೆಗೆ ಬೇಕಾದ ಪತ್ರಗಳೆಲ್ಲ ಅಚ್ಚಾಗಿವೆ. ವೀಸಾ, ವಿಮಾನದ ಖರ್ಚು ಉಳಿಯಿತು. ಖರ್ಚಾದದ್ದು ಪ್ರಿಂಟ್‌ಔಟಿಗೆ. ಪರದೆ ಮೇಲೆ ಟಿಪ್ಪಣಿ ಹೋಲಿಸಿ ಓದುವುದು ಕಣ್ಣಿಗೆ ಆಗಲಿಲ್ಲ. ಮೊದಲ ಸಂಪುಟ ಮತ್ತು 1821ರ ಪತ್ರಗಳನ್ನು ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿಕೊಂಡೆ.

ಯಂತ್ರದ ಅಧ್ಯಾಯದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದು ನೋಡಿದ ಸಂಜೆ ಚೆನ್ನಾಗಿ ನೆನಪಿದೆ. ಒಬ್ಬ ಬಂಡವಾಳಗಾರ. ಅವನ ಬಂಡವಾಳ 20,000 ಪೌಂಡ್. ಅದರಲ್ಲಿ 7,000 ಕಟ್ಟಡ, ಸಲಕರಣೆಗಳಲ್ಲಿದೆ, 13,000 ಕೂಲಿಗೆ ಹೋಗುತ್ತದೆ. ಲಾಭ ಶೇ 10. ಕೂಲಿಕಾರರು ವರ್ಷಕ್ಕೆ 15,000 ಪೌಂಡಿನ ಆಹಾರ ಮತ್ತು ಅಗತ್ಯ ವಸ್ತು ಉತ್ಪಾದಿಸುತ್ತಾರೆ. ಬಂಡವಾಳಗಾರ 2,000 ತಾನು ಖರ್ಚು ಮಾಡಿಕೊಂಡರೆ ಮತ್ತೆ 13,000 ಕೂಲಿಗೆ ಉಳಿಯಿತು. ಒಂದು ವರ್ಷ ಅವನು ಅರ್ಧ ಜನರನ್ನು ಯಂತ್ರ ಕಟ್ಟಲು ಹಚ್ಚುತ್ತಾನೆ. ಆ ವರ್ಷದ ಕೊನೆಗೆ ಅವನ ಹತ್ತಿರ 7,500 ಪೌಂಡಿನ ಯಂತ್ರ ಇದೆ, 7,500 ಪೌಂಡಿನ ಆಹಾರ ಇದೆ. ಅದರಲ್ಲಿ ತನ್ನ 2,000 ತೆಗೆದರೆ ಕೂಲಿಗೆ ಉಳಿಯುವುದು 5,500. ಮುಂದೆಯೂ ಅವನಿಗೆ ವರ್ಷಕ್ಕೆ ಅದೇ 2,000 ಲಾಭ ಬರುತ್ತದೆ. ಅವನಿಗೆ ಏನೂ ನಷ್ಟವಿಲ್ಲ. ಆದರೆ ಮೊದಲು 7,500 ಪೌಂಡಿನ ಕೂಲಿಯಲ್ಲಿ ಬದುಕುತ್ತಿದ್ದವರಿಗೆ ಇನ್ನು ಕೆಲಸವಿಲ್ಲ.

ಎಲ್ಲ ಕೂಡಿಸಿ ಕಳೆದು ನೋಡಿದಾಗ ಮೈ ಜುಮ್ಮೆಂದಿತು. ಇದನ್ನು ಬರೆದವನು ಷೇರು ಪೇಟೆಯಲ್ಲಿ ದುಡ್ಡು ಮಾಡಿ ಪಾರ್ಲಿಮೆಂಟಿಗೆ ಹೋದವನು. 1819ರ ಡಿಸೆಂಬರಿನಲ್ಲಿ ಅದೇ ಪಾರ್ಲಿಮೆಂಟಿನಲ್ಲಿ ನಿಂತು, ಒಟ್ಟಾರೆ ನೋಡಿದರೆ ಯಂತ್ರದಿಂದ ಕೂಲಿಯ ಬೇಡಿಕೆ ಕಡಿಮೆಯಾಗುವುದಿಲ್ಲ ಅಂತ ಹೇಳಿದ್ದವನು. ಅಧ್ಯಾಯದ ಶುರುವಿನಲ್ಲೇ, ಮತ್ತಷ್ಟು ಯೋಚಿಸಿದ ಮೇಲೆ ನನ್ನ ಅಭಿಪ್ರಾಯ ತುಂಬಾ ಬದಲಾಗಿದೆ ಅಂತ ನೇರವಾಗಿ ಒಪ್ಪಿಕೊಳ್ಳುತ್ತಾನೆ. ಅವನ ಶಿಷ್ಯನಂತಿದ್ದ ಮೆಕಲಕ್‌ಗೆ ಇದು ದೊಡ್ಡ ಆಘಾತ. ಅದೇ ವರ್ಷ ಮೆಕಲಕ್ ಯಂತ್ರಗಳ ಪರವಾಗಿ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಬರೆದಿದ್ದ. ನಿಮ್ಮ ವಾದ ಸರಿಯಾದರೆ ಯಂತ್ರ ಒಡೆಯುವ ಲಡೈಟರ ವಿರುದ್ಧದ ಕಾನೂನುಗಳು ಕಾನೂನು ಪುಸ್ತಕಕ್ಕೇ ನಾಚಿಕೆಗೇಡು ಅಂತ ಜೂನ್ 5ರಂದು ಪತ್ರ ಬರೆದ. ರಿಕಾರ್ಡೊ ಜಗ್ಗಲಿಲ್ಲ. ಇದು ರೇಖಾಗಣಿತದ ಸತ್ಯಗಳಷ್ಟೇ ಸಾಬೀತಾಗುವಂಥದ್ದು, ಇಷ್ಟು ದಿನ ನನಗೆ ಕಾಣಲಿಲ್ಲವಲ್ಲ ಅನ್ನುವುದೇ ಆಶ್ಚರ್ಯ ಅಂತ ಅದೇ ತಿಂಗಳು ಉತ್ತರಿಸಿದ. ಈ ಪತ್ರಗಳು ಎಂಟನೇ ಸಂಪುಟದಲ್ಲಿವೆ. ದಯವಿಟ್ಟು ಅಧ್ಯಾಯದ ಜೊತೆಯಲ್ಲೇ ಓದಿ. ಅವನು ಯಂತ್ರಗಳನ್ನು ತಡೆಯಬೇಕು ಅನ್ನಲಿಲ್ಲ ಅನ್ನುವುದನ್ನೂ ಮರೆಯಬೇಡಿ. ತಡೆದರೆ ಬಂಡವಾಳ ಬೇರೆ ದೇಶಕ್ಕೆ ಹೋಗುತ್ತದೆ ಅಂತ ಅದೇ ಅಧ್ಯಾಯದಲ್ಲಿ ಬರೆದಿದ್ದಾನೆ.

ಮನಸ್ಸು ಬದಲಾದದ್ದು ಯಾವಾಗ? ಇದಕ್ಕೆ ಸುಮಾರು ಸಮಯ ಹಿಡಿಯಿತು. 1819ರ ಭಾಷಣಕ್ಕೂ 1821ರ ಅಧ್ಯಾಯಕ್ಕೂ ನಡುವೆ, 1820ರಲ್ಲಿ, ಅವನು ಮಾಲ್ಥಸನ ಹೊಸ ಪುಸ್ತಕ ಓದಿ ಟಿಪ್ಪಣಿ ಬರೆಯುತ್ತಿದ್ದ. ಅಲ್ಲೊಂದು ಕಡೆ, ಮನುಷ್ಯರು ಮಾಡುವ ಕೆಲಸವನ್ನು ಕುದುರೆಗಳಿಂದ ಮಾಡಿಸಿದರೆ ಉತ್ಪನ್ನ ಹೆಚ್ಚಾದರೂ ದುಡಿಯುವವರಿಗೆ ಒಳ್ಳೆಯದಾಗುತ್ತದಾ ಅಂತ ಕೇಳಿಕೊಳ್ಳುತ್ತಾನೆ. ಆ ಟಿಪ್ಪಣಿ ಸಿಕ್ಕ ದಿನ ಥೀಸಿಸ್‌ನ ನಡುವಿನ ಕೊಂಡಿ ಸಿಕ್ಕಿತು. ಇದಲ್ಲದೆ ಅಧ್ಯಾಯದಲ್ಲೇ ಅವನು ಕೂಲಿಕಾರರ ಸ್ಥಿತಿಯ ಬಗ್ಗೆ ಜಾನ್ ಬಾರ್ಟನ್ ಬರೆದ 1817ರ ಕಿರುಪುಸ್ತಕವನ್ನು ಉಲ್ಲೇಖಿಸುತ್ತಾನೆ. ಬಾರ್ಟನ್ ಹೇಳಿದ್ದನ್ನೆಲ್ಲ ಒಪ್ಪಿದ ಅಂತ ಬರೆಯುವ ಆಸೆ ಬರುತ್ತದೆ. ಆದರೆ ಒಪ್ಪದ ಮಾತುಗಳೂ ಅಲ್ಲೇ ಇವೆ.

ಇಷ್ಟೆಲ್ಲ ತೆಗೆದುಕೊಂಡು ಡಾಕ್ಟರಲ್ ಕಮಿಟಿ ಮುಂದೆ ಹೋದರೆ, ಒಬ್ಬ ಸದಸ್ಯರು "ಇದೆಲ್ಲ ಕಥೆ ಆಯ್ತು. ಮಾಡೆಲ್ ಎಲ್ಲಿ?" ಅಂದರು. ಇನ್ನೊಬ್ಬರು ಮಾಡೆಲ್ ಬೇಡವೇ ಬೇಡ, ಅದು ಇತಿಹಾಸಕ್ಕೆ ಮಾಡುವ ಅಪಚಾರ ಅಂದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತದ್ದು ಹೌದು. ಆಮೇಲೆ ಗೈಡ್ ಮೇಡಂ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: "ಎರಡೂ ಮಾಡು. ಆದರೆ ಯಾವ ಅಧ್ಯಾಯದಲ್ಲಿ ಯಾವ ಪ್ರಶ್ನೆ ಅಂತ ಮೊದಲ ಪುಟದಲ್ಲೇ ಹೇಳಿಬಿಡು."

ಹಾಗೇ ಮಾಡಿದೆ. ಮೊದಲ ಭಾಗ 1817ರಿಂದ 1823ರವರೆಗಿನ ರಿಕಾರ್ಡೊ. ಎರಡನೇ ಭಾಗ ಅವನ ಓದುಗರು. ಅಲ್ಲಿ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ವಿಕ್ಸೆಲ್ ಬರುತ್ತಾರೆ. ಕೆಲಸ ಹೋದವರಿಂದ ಕೂಲಿ ಇಳಿಯುತ್ತದೆ, ಇಳಿದಾಗ ಅವರಿಗೆ ಮತ್ತೆ ಕೆಲಸ ಸಿಗುತ್ತದೆ, ಆದ್ದರಿಂದ ಒಟ್ಟು ಉತ್ಪನ್ನ ಕಡಿಮೆಯಾಗದು ಅಂತ ಅವರು ರಿಕಾರ್ಡೊನನ್ನು ತಿದ್ದಿದರು. 1989ರಲ್ಲಿ ಪಾಲ್ ಸ್ಯಾಮ್ಯುಯೆಲ್‌ಸನ್ ಅವರು ಇಲ್ಲ, ರಿಕಾರ್ಡೊ ಹೇಳಿದ್ದೇ ಸರಿ ಅಂತ ಗಣಿತದಿಂದ ತೋರಿಸಿದರು. ಇಬ್ಬರೂ ಕೇಳುತ್ತಿರುವುದು ವಾದ ನಿಲ್ಲುತ್ತದಾ ಅಂತ. ಅದು ಒಳ್ಳೆಯ ಪ್ರಶ್ನೆ. 1821ರಲ್ಲಿ ಅವನು ಯಾರಿಗೆ ಉತ್ತರ ಕೊಡುತ್ತಿದ್ದ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ, ಅಷ್ಟೇ.

ಎರಡು ಪ್ರಶ್ನೆಗಳನ್ನು ಬೇರೆ ಇಡುವುದು ಯಾಕೆ ಮುಖ್ಯ ಅಂತ ತೋರಿಸಲು ಇನ್ನೊಂದು ಜಗಳವನ್ನೂ ತೆಗೆದುಕೊಂಡೆ. ರಿಕಾರ್ಡೊ ಮೊದಮೊದಲು ಕೃಷಿಯ ಲಾಭವನ್ನು ಧಾನ್ಯಕ್ಕೆ ಧಾನ್ಯದ ಅನುಪಾತವಾಗಿ, ಅಂದರೆ ಹಾಕಿದ್ದೂ ಬೆಳೆದದ್ದೂ ಎರಡೂ ಧಾನ್ಯವೇ ಆದ್ದರಿಂದ ಬೆಲೆಯ ಗೊಡವೆಯಿಲ್ಲದೆ ಅಳೆಯಬಹುದಾದದ್ದಾಗಿ ನೋಡುತ್ತಿದ್ದ ಅಂತ ಸ್ರಾಫಾ ಅವರು 1951ರ ಪೀಠಿಕೆಯಲ್ಲಿ ಬರೆದರು. ಆದರೆ ಉಳಿದಿರುವ ಬರಹಗಳಲ್ಲಿ ಎಲ್ಲೂ ರಿಕಾರ್ಡೊ ಇದನ್ನು ಹೀಗೇ ಹೇಳಿಲ್ಲ ಅಂತ ಅವರೇ ಒಪ್ಪಿಕೊಂಡರು. ಕಳೆದುಹೋದ 1814ರ ಕಾಗದಗಳಲ್ಲೋ ಮಾತುಕತೆಯಲ್ಲೋ ಹೇಳಿರಬೇಕು ಅಂದರು. 1973ರಲ್ಲಿ ಸ್ಯಾಮ್ಯುಯೆಲ್ ಹೊಲಾಂಡರ್ ಅವರು ಇದನ್ನು ಪ್ರಶ್ನಿಸಿದರು. ಇವತ್ತಿಗೂ ಅದು ಮುಗಿದಿಲ್ಲ. ಸಿದ್ಧಾಂತವಾಗಿ ಧಾನ್ಯದ ಮಾದರಿ ತುಂಬಾ ಚೆಂದ. ರಿಕಾರ್ಡೊ ಹಾಗೆ ಯೋಚಿಸಿದ್ದ ಅನ್ನುವುದಕ್ಕೆ ಆ ಚೆಂದ ಸಾಕ್ಷಿ ಆಗುವುದಿಲ್ಲ. ನನ್ನ ನಿಲುವು ಇದು. ಸ್ರಾಫಾ ಅವರ ಮೇಲೆ ಅಪಾರ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಸಾಕ್ಷಿ ಇಲ್ಲ ಅನ್ನುವುದನ್ನು ಬಚ್ಚಿಡದೆ ಮೊದಲು ಹೇಳಿದವರೂ ಅವರೇ ತಾನೇ.

ಬರವಣಿಗೆ ಮುಗಿದು, ಸಲ್ಲಿಕೆಗೆ ಮುಂಚಿನ ಮಂಡನೆ, ಅಂದರೆ ಕೊಲೊಕ್ವಿಯಂ, ಆದ ಮೇಲೆ ಬಂದದ್ದು ಊಹಿಸಿರದ ತೊಂದರೆ. ಪ್ಲೇಜಿಯರಿಸಂ (ಕೃತಿಚೌರ್ಯ) ರಿಪೋರ್ಟ್. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರ ಒಳಗಿದ್ದರೆ ಏನೂ ತೊಂದರೆಯಿಲ್ಲ. ನನ್ನದು ಅದರ ಮೂರು ಪಟ್ಟಿನ ಹತ್ತಿರ ಬಂತು. ಎದೆ ಧಸಕ್ಕೆಂದಿತು. ರಿಪೋರ್ಟ್ ತೆರೆದು ನೋಡಿದರೆ ಕೆಂಪು ಬಣ್ಣ ಬಿದ್ದದ್ದೆಲ್ಲ ರಿಕಾರ್ಡೊ, ಮಾಲ್ಥಸ್, ಮೆಕಲಕ್‌ರ ಸಾಲುಗಳು. ಮೂಲ ಪಠ್ಯದ ಮೇಲೆ ಬರೆದ ಥೀಸಿಸ್‌ನಲ್ಲಿ ಮೂಲ ಪಠ್ಯ ಇರಲೇಬೇಕಲ್ಲ! ಆಫೀಸಿನಲ್ಲಿ ಆ ಸಾಲುಗಳನ್ನು ನಿಮ್ಮ ಮಾತಿನಲ್ಲಿ ಬದಲಾಯಿಸಿ ತನ್ನಿ ಅಂದರು. ಆಗುವುದಿಲ್ಲ ಅಂದೆ. ಅದೇ ನಿಯಮದಲ್ಲಿ, ಮೂಲವನ್ನು ನಮೂದಿಸಿ ಕೊಟ್ಟ ಉಲ್ಲೇಖಗಳನ್ನು ಲೆಕ್ಕದಿಂದ ಬಿಡಬೇಕು ಅಂತ ಸ್ಪಷ್ಟವಾಗಿ ಇದೆ. ಆ ಪುಟದ ಪ್ರಿಂಟ್ ತೆಗೆದು, ಗೈಡ್ ಸಹಿ ಹಾಕಿಸಿ, ಅರ್ಜಿ ಕೊಟ್ಟೆ. ಲೈಬ್ರರಿಯವರು ಉಲ್ಲೇಖ, ಗ್ರಂಥಸೂಚಿ ಎರಡನ್ನೂ ಬಿಡುವ ಸೆಟ್ಟಿಂಗ್ ಹಾಕಿ ಮತ್ತೆ ಓಡಿಸಿದರು. ಮಿತಿಯೊಳಗೆ ಬಂತು.

ಒಂದು ಮಾತು ನೆನಪಿಡಿ. ಸಾಮಾನ್ಯವಾಗಿ ತಂತ್ರಾಂಶಕ್ಕೆ ಉದ್ಧರಣ ಚಿಹ್ನೆ ಕಂಡರೆ ಅದು ಉಲ್ಲೇಖ ಅಂತ ಗೊತ್ತಾಗುತ್ತದೆ. ಉದ್ದದ ಉಲ್ಲೇಖಗಳನ್ನು ಚಿಹ್ನೆ ಇಲ್ಲದೆ ಒಳಕ್ಕೆ ಸರಿಸಿ ಅಚ್ಚು ಮಾಡುವ ರೂಢಿ ಇದೆಯಲ್ಲ, ಅವು ಸಿಕ್ಕಿಬೀಳಬಹುದು. ಬರೆಯುವಾಗಲೇ ಚಿಹ್ನೆ ಹಾಕಿಡಿ.

ಸಲ್ಲಿಕೆಗೆ ಬೇಕಾದ ಕಾಗದಗಳು: ಕೋರ್ಸ್‌ವರ್ಕ್ ಅಂಕಪಟ್ಟಿ, ನೋಂದಣಿ ಪತ್ರ, ಆರು ತಿಂಗಳ ಪ್ರಗತಿ ವರದಿಗಳು, ಎಲ್ಲ ವರ್ಷಗಳ ಫೀಸ್ ರಸೀದಿ, ಕೊಲೊಕ್ವಿಯಂ ವರದಿ, ಹೋಲಿಕೆ ಪ್ರಮಾಣಪತ್ರ, ಲೈಬ್ರರಿ ನೋ ಡ್ಯೂಸ್. ನನಗೆ ತಡವಾದದ್ದು ಒಂದು ಹಳೆಯ ಫೀಸ್ ರಸೀದಿಯಿಂದ. ಅದು ಥರ್ಮಲ್ ಕಾಗದದ್ದು, ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಮತ್ತೊಂದು ಬರೆಸಿಕೊಳ್ಳಬೇಕಾಯಿತು. ರಸೀದಿ ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ. ಪ್ರಿಂಟ್ ಮತ್ತು ಬೈಂಡಿಂಗ್‌ಗೆ ಸುಮಾರು 9,000 ರೂಪಾಯಿ ಆಯಿತು. ಸಲ್ಲಿಕೆ ಶುಲ್ಕ ಬೇರೆ. ಅತಿಥಿ ಉಪನ್ಯಾಸಕರ ಸಂಬಳ ತಿಂಗಳು ತಿಂಗಳು ಬರುವುದಿಲ್ಲ ಅಂತ ಗೊತ್ತಿದ್ದವರಿಗೆ ಈ ಮೊತ್ತದ ಭಾರ ಗೊತ್ತು. ಚಿನ್ನದ ಬಳೆ ಅಡ ಇಟ್ಟೆ. ಅಮ್ಮ ಏನೂ ಕೇಳಲಿಲ್ಲ.

ಆಮೇಲೆ ಕಾಯುವುದು. ಗೈಡ್ ಅಲ್ಲದೆ ಇಬ್ಬರು ಹೊರಗಿನ ಪರೀಕ್ಷಕರ ವರದಿ ಬರಬೇಕು. ಒಂದು ಬೇಗ ಬಂತು, ಇನ್ನೊಂದು ಬರಲೇ ಇಲ್ಲ. ಈ ವಿಷಯ ಓದಬಲ್ಲ ಪರೀಕ್ಷಕರು ಕಡಿಮೆ. ಒಪ್ಪಿಕೊಂಡವರು ನಂತರ ಆಗುವುದಿಲ್ಲ ಅಂದರಂತೆ, ಮತ್ತೆ ಪ್ಯಾನೆಲ್‌ನಿಂದ ಬೇರೆಯವರಿಗೆ ಕಳಿಸಿದರು. ಪ್ಯಾನೆಲ್ ಪಟ್ಟಿ ಕೊಡುವಾಗ ಚಿಂತನೆಯ ಇತಿಹಾಸದಲ್ಲಿ ಪ್ರಕಟಣೆ ಇರುವವರನ್ನೇ ಹುಡುಕಿ ಹಾಕಿ ಅಂತ ನಿಮ್ಮ ಗೈಡ್‌ಗೆ ಈಗಲೇ ಹೇಳಿ. ಆ ತಿಂಗಳುಗಳಲ್ಲಿ ಯಾವ ಪುಸ್ತಕವನ್ನೂ ಮುಟ್ಟಲು ಮನಸ್ಸಾಗಲಿಲ್ಲ.

ವೈವಾದಲ್ಲಿ ನಾನು ನಿರೀಕ್ಷಿಸಿದ್ದ ಪ್ರಶ್ನೆಯೇ ಬಂತು. "ರಿಕಾರ್ಡೊನಿಗೂ ನಮಗೂ ಏನು ಸಂಬಂಧ?" ಇದಕ್ಕೆ ಸುಲಭದ ಉತ್ತರ ಒಂದಿದೆ. ರಿಕಾರ್ಡೊನ ಗೇಣಿ ಸಿದ್ಧಾಂತದ (ಕಳಪೆ ಜಮೀನಿಗಿಂತ ಒಳ್ಳೆಯ ಜಮೀನು ಹೆಚ್ಚು ಕೊಡುವ ಉತ್ಪನ್ನವೇ ಗೇಣಿ ಅನ್ನುವುದರ) ಮೇಲೆ ಬ್ರಿಟಿಷರು ಇಲ್ಲಿ ಕಂದಾಯ ಕಟ್ಟಿದರು ಅನ್ನುವುದು. ನಾನು ಹಾಗೆ ಹೇಳಲಿಲ್ಲ. ಪ್ರಭಾವ ಅನ್ನಬೇಕಾದರೆ ಅದು ಬಂದ ದಾರಿ ತೋರಿಸಬೇಕು ಅಂದೆ. ಆ ಗೇಣಿ ಸಿದ್ಧಾಂತವನ್ನು 1815ರಲ್ಲಿ ಮಾಲ್ಥಸ್ ಕೂಡ ಬರೆದ. ಇಂಗ್ಲೆಂಡಿನ ಹೇಲಿಬರಿಯ ಈಸ್ಟ್ ಇಂಡಿಯಾ ಕಾಲೇಜಿನಲ್ಲಿ ಕಂಪನಿಯ ನೌಕರರಿಗೆ ಪಾಠ ಮಾಡಿದವನು ಅವನೇ. ಅಲ್ಲಿ ಓದಿದ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಗೆ ಬಾಂಬೆ ಪ್ರಾಂತದ ದಖ್ಖನ್ನಿನಲ್ಲಿ ನಿವ್ವಳ ಉತ್ಪನ್ನ (ಬೆಳೆಯುವ ಖರ್ಚು ಕಳೆದು ಉಳಿಯುವುದು) ಲೆಕ್ಕ ಹಾಕಿ ಕಂದಾಯ ನಿಗದಿ ಮಾಡಿದ. ದರ ತಾಳಲಾರದೆ ರೈತರು ಜಮೀನು ಬಿಟ್ಟುಹೋದರು. ಆಮೇಲೆ ಬಂದ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಆ ಲೆಕ್ಕ ಬದಿಗಿಟ್ಟು, ಮಣ್ಣಿನ ವರ್ಗ ಮತ್ತು ಹಿಂದೆ ವಸೂಲಾದ ಮೊತ್ತ ನೋಡಿ ದರ ಕಟ್ಟಿದರು. 1840ರ ದಶಕದಲ್ಲಿ ಧಾರವಾಡದ ಕಡೆಯ ಸರ್ವೇ ಮಾಡಿಸಿದ್ದೂ ಅದೇ ವಿಂಗೇಟ್. ಹಾಗಾಗಿ ದಾರಿ ಇದೆ, ಆದರೆ ಅದು ಹೋಗುವುದು ಮಾಲ್ಥಸನ ತರಗತಿಯ ಮೂಲಕ, ಮತ್ತು ಧಾರವಾಡ ಮುಟ್ಟುವ ಹೊತ್ತಿಗೆ ಸಿದ್ಧಾಂತದ ಲೆಕ್ಕಕ್ಕಿಂತ ಹೊಲದ ಲೆಕ್ಕವೇ ಜಾಸ್ತಿ ಆಗಿತ್ತು. ಪರೀಕ್ಷಕರು ತಲೆ ಆಡಿಸಿದರು. ಹಿಂದೆ ಕೂತಿದ್ದ ನನ್ನ ಬಿ.ಎ. ಮಕ್ಕಳು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು.

ಸಣ್ಣ ತಿದ್ದುಪಡಿಗಳನ್ನು ಸೂಚಿಸಿದರು. ಅವನ್ನು ಮಾಡಿ, ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾಕ್ಕೆ ಹಾಕುವ ಸಾಫ್ಟ್ ಕಾಪಿ ಕೊಟ್ಟ ಮೇಲೆ ನೋಟಿಫಿಕೇಷನ್ ಆಯಿತು. ಇಂಥ ವಿಷಯ ತೆಗೆದುಕೊಳ್ಳುವ ಯೋಚನೆ ಇರುವವರು ಗೈಡ್ ಹುಡುಕುವ ಮೊದಲೇ ಒಂದು ಅಧ್ಯಾಯವನ್ನು, ಅದರ ಆವೃತ್ತಿ ಭೇದಗಳನ್ನು, ಆ ವರ್ಷದ ಪತ್ರಗಳನ್ನು ಒಟ್ಟಿಗೆ ಓದಿ ನೋಡಿ. ಆ ಓದು ಹಿಡಿಸಿದರೆ ಅರ್ಜಿ ಹಾಕಿ.